ಅಂದಾಜಿಗೆ ಹೇಳದವಳು

ಆ ಶನಿವಾರ ಮಧ್ಯಾಹ್ನ ಡಲ್ಲಾಸಿನ ಹತ್ತಿರದ ಮರ್ಫಿಯ ನಮ್ಮ ಮನೆಯಲ್ಲಿ ಮೂರು ಜೋಡಿ ಇದ್ದೆವು. ನಾನು, ನನ್ನ ಯಜಮಾನರು. ಎರಡು ಬೀದಿ ಆಚೆ ಇರುವ ಹುಬ್ಬಳ್ಳಿಯ ಗಂಡ ಹೆಂಡತಿ. ಮತ್ತೆ ನಾವು ಪೇರ್‌ಲ್ಯಾಂಡಿನಲ್ಲಿದ್ದಾಗಿನ ಹಳೆಯ ಸ್ನೇಹಿತರಾದ ನಿವೃತ್ತ ಡಾಕ್ಟರು ಮತ್ತು ಅವರ ಹೆಂಡತಿ. ಹ್ಯೂಸ್ಟನ್ ಕಡೆಯಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದಿದ್ದಕ್ಕೆ ಡಾಕ್ಟರಿಗೆ ಅಂದು ವಿಶೇಷ ಮರ್ಯಾದೆ. ಊಟದ ಮೇಜನ್ನು ಗೋಡೆಗೆ ಸರಿಸಿ, ನಡುವೆ ಒಂದು ಕುರ್ಚಿ ಹಾಕಿ, ಅದರೆದುರು ಅವರನ್ನು ಕೂರಿಸಿದ್ದೆವು. ಜುಬ್ಬಾದ ಮೇಲೆ ನನ್ನ ಯಜಮಾನರ ಟೈ ಕಟ್ಟಿಕೊಂಡು ಅವರು ಇಮಿಗ್ರೇಷನ್ ಆಫೀಸರ್ ಆಗಿದ್ದರು.

ಇದು ನಮ್ಮ ಬಳಗದಲ್ಲಿ ನಡೆದುಬಂದ ಪದ್ಧತಿ. ಯಾರಿಗಾದರೂ ಸಿಟಿಜನ್‌ಶಿಪ್ ಇಂಟರ್ವ್ಯೂ ತಾರೀಖು ಬಂತೆಂದರೆ, ಬಸುರಿಗೆ ಹೂ ಮುಡಿಸಿದಷ್ಟೇ ಶಾಸ್ತ್ರೋಕ್ತವಾಗಿ ಅವರನ್ನು ಕರೆದು ಊಟ ಹಾಕಿ, ಒಂದು ಸುಳ್ಳು ಇಂಟರ್ವ್ಯೂ ಮಾಡುತ್ತೇವೆ. ಸರ್ಕಾರದವರು ನೂರು ಚಿಲ್ಲರೆ ಪ್ರಶ್ನೆಗಳನ್ನು ಮೊದಲೇ ಕೊಟ್ಟಿರುತ್ತಾರೆ. ಅದರಲ್ಲಿ ಕೆಲವನ್ನು ಕೇಳುತ್ತಾರೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸರಿ ಹೇಳಿದರೆ ಪಾಸು. ತಪ್ಪು ಹೇಳಿದರೆ ಕಳೆಯುವುದಿಲ್ಲ. ಈ ಸಲ ಹುಬ್ಬಳ್ಳಿಯ ಗಂಡ ಹೆಂಡತಿ ಇಬ್ಬರಿಗೂ ಒಂದೇ ದಿನ ಕರೆ ಬಂದಿತ್ತು.

ಮೊದಲು ಗಂಡ ಕೂತರು. ಇಳಕಲ್ಲಿನ ಗ್ರಾನೈಟ್ ತರಿಸಿ ಡಲ್ಲಾಸಿನ ಅಡಿಗೆಮನೆಗಳಿಗೆ ಹಾಸುವ ವ್ಯಾಪಾರ ಅವರದು. ನನ್ನ ಕಟ್ಟೆಯ ಕಲ್ಲೂ ಅವರದೇ. ಮಾತಿನಲ್ಲಿ ಆ ಕಲ್ಲಿನ ತೂಕವೇ ಇರುತ್ತದೆ.

"ರೇಸ್ ಯುವರ್ ರೈಟ್ ಹ್ಯಾಂಡ್," ಎಂದರು ಡಾಕ್ಟರು ಗಂಟಲು ದಪ್ಪ ಮಾಡಿ.

ಇವರು ಎಡಗೈ ಎತ್ತಿದರು. ಬಲಗೈಯಲ್ಲಿ ಎಲೆ ಅಡಿಕೆ ಇತ್ತು.

"ಬಲಗೈ ಕಣಯ್ಯಾ! ಮೊದಲ ಆಣೆಗೇ ಫೇಲ್ ಆಗ್ತೀಯಲ್ಲ. ಹೋಗಲಿ, ಸೆನೆಟರಿಗೆ ಎಷ್ಟು ವರ್ಷದ ಅವಧಿ?"

"ಐದು!"

"ಆರು."

"ಹಾಂ, ಆರು. ನಾ ಆರು ಅನ್ನೋದ್ರಾಗಿದ್ದೆ, ಅಷ್ಟರಾಗ ನೀವ ಅಂದ್ರಿ."

ಎಲ್ಲರೂ ನಕ್ಕೆವು. ಅವರು ಒಂದಷ್ಟು ಸರಿ, ಒಂದಷ್ಟು ತಪ್ಪು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿ ಎದ್ದರು.

ಆಮೇಲೆ ಅವಳು ಬಂದಳು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು.

"ಪ್ರೆಸಿಡೆಂಟು, ವೈಸ್ ಪ್ರೆಸಿಡೆಂಟು ಇಬ್ಬರೂ ಇಲ್ಲದೆ ಹೋದ್ರೆ ಅಧಿಕಾರ ಯಾರಿಗೆ ಹೋಗುತ್ತೆ?"

ಅವಳು ಬಾಯಿ ತೆರೆದಳು. "ಸ್ಪೀಕರ್!" ಎಂದು ಸೋಫಾದಿಂದ ಗಂಡನ ಉತ್ತರ ಬಂತು.

"ರೀ, ಪರೀಕ್ಷೆ ಅವರದ್ದು," ಎಂದರು ಡಾಕ್ಟರ ಹೆಂಡತಿ. "ನೀವು ಸುಮ್ಮನೆ ಕೂತ್ಕೊಳ್ಳಿ."

"ಅಕೀಗೆ ಇದರಾಗ ಇಂಟರೆಸ್ಟ್ ಇಲ್ರೀ. ಬಾಯಿಪಾಠ ಮಾಡಿಸ್ಬೇಕು."

"ಹೌದ್ರಿ, ನಂಗ ರಾಜಕೀಯ ತಿಳಿಯಂಗಿಲ್ಲ," ಎಂದಳು ಅವಳೂ ನಗುತ್ತ.

ದೇಶದ ಎಲ್ಲಕ್ಕಿಂತ ದೊಡ್ಡ ಕೋರ್ಟು ಯಾವುದು ಎಂಬ ಮುಂದಿನ ಪ್ರಶ್ನೆಗೆ ಗಂಡ ತಮ್ಮ ಬಾಯಿಯ ಮೇಲೆ ಕೈ ಮುಚ್ಚಿಕೊಂಡು ಕೂತರು, ತಮಾಷೆಗೆ. ಆದರೂ ಅವಳು ಉತ್ತರಕ್ಕೆ ಮೊದಲು ಅತ್ತ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ, "ಸುಪ್ರೀಂ ಕೋರ್ಟ್ ಇರಬೇಕು, ಅಲ್ಲೇನ್ರಿ?" ಎಂದಳು. ಸರಿಯಾಗಿತ್ತು.

ಮುಗಿದ ಮೇಲೆ ಗಂಡಸರು ಹಿತ್ತಲ ಪ್ಯಾಟಿಯೋಗೆ ಹೋದರು. ಅಲ್ಲಿ ಫ್ಯಾನಿನ ಕೆಳಗೆ ಕೂತು ಬೆಂಗಳೂರು, ದಿಲ್ಲಿ, ವಾಷಿಂಗ್ಟನ್ ಮೂರೂ ಸರ್ಕಾರಗಳನ್ನು ಬೀಳಿಸಿ ಎಬ್ಬಿಸುವುದು ಪ್ರತಿ ಶನಿವಾರದ ಕೆಲಸ. ನಾವು ಅಡಿಗೆಮನೆಯಲ್ಲಿ ಉಳಿದೆವು. ಹತ್ತಿರದ ಎಲಿಮೆಂಟರಿ ಶಾಲೆ ಮುಚ್ಚುವ ಮಾತು ಎದ್ದಿತ್ತು. ಯಾಕೆ ಮುಚ್ಚುತ್ತಾರೆ, ಮಕ್ಕಳನ್ನು ಎಲ್ಲಿಗೆ ಕಳಿಸುತ್ತಾರೆ, ಊರಿನವರು ವೋಟು ಹಾಕಿ ಆರಿಸಿದ ಸ್ಕೂಲ್ ಬೋರ್ಡಿನಲ್ಲಿ ಯಾರು ಬೇಡವೆಂದರು, ಎಲ್ಲವನ್ನೂ ಹೇಳಿದವಳು ಅವಳೇ. ಅವಳು ಬೋರ್ಡಿನ ಮೀಟಿಂಗಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬಂದಿದ್ದಳು. ಕೆಲವು ವರ್ಷದ ಹಿಂದಿನ ಆ ಕೆಟ್ಟ ಚಳಿಯ ವಾರ ಕರೆಂಟು ಹೋಗಿ ನಾವೆಲ್ಲ ಕಂಬಳಿಯೊಳಗೆ ನಡುಗಿದ್ದು ನೆನಪಾದಾಗ, ಟೆಕ್ಸಸ್ಸಿನ ವಿದ್ಯುತ್ ಜಾಲವನ್ನು ಅಕ್ಕಪಕ್ಕದ ರಾಜ್ಯಗಳಿಗೆ ಯಾಕೆ ಜೋಡಿಸಿಲ್ಲ ಎಂಬುದನ್ನು ಕಟ್ಟೆ ಒರೆಸುತ್ತಲೇ ಬಿಡಿಸಿ ಹೇಳಿದಳು. ಇದನ್ನು ನಾವ್ಯಾರೂ ರಾಜಕೀಯ ಎನ್ನುತ್ತಿರಲಿಲ್ಲ. ರಾಜಕೀಯ ಎಂದರೆ ಪ್ಯಾಟಿಯೋದಲ್ಲಿ ಆಗುವುದು.

ಅವಳಿಗೆ ಈ ಸಿಟಿಜನ್‌ಶಿಪ್ ಬೇಕಾಗಿದ್ದದ್ದು ವೋಟಿಗಲ್ಲ, ಅಕ್ಕನಿಗೆ.

ಹುಬ್ಬಳ್ಳಿಯಲ್ಲಿ ಅವಳಿಗೆ ಒಬ್ಬಳೇ ಅಕ್ಕ. ಇವಳು ಲಂಗ ಹಾಕುವ ವಯಸ್ಸಿನಲ್ಲಿ ತಾಯಿ ಹೋದ ಮೇಲೆ ಸಾಕಿ, ಓದಿಸಿ, ಮದುವೆ ಮಾಡಿ ಕಳಿಸಿದವಳು ಆ ಅಕ್ಕ. ತಾನು ಮದುವೆಯಾಗಲಿಲ್ಲ, ಶಾಲೆಯಲ್ಲಿ ಕಲಿಸಿಕೊಂಡು ಇದ್ದುಬಿಟ್ಟಳು. ಈಗ ಆಕೆಯ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆದಿತ್ತು. ಕರೆದುಕೊಂಡು ಹೋಗಿ ಬರಲು ಪಕ್ಕದ ಮನೆಯವರು ಇದ್ದರು, ಆದರೆ ನೆರೆಯವರು ಎಷ್ಟು ದಿನ? ಹಿಂದಿನ ಸಲ ಇವಳು ಹೋದಾಗ ಬಿಟ್ಟು ಬರಲು ಆಗದೆ ಬಹಳ ತಿಂಗಳು ಉಳಿದುಬಿಟ್ಟಳು. ವಾಪಸು ಬಂದಾಗ, ವಿಮಾನ ಬದಲಿಸುವ ಹ್ಯೂಸ್ಟನ್ ಏರ್‌ಪೋರ್ಟಿನಲ್ಲಿ ಅವಳನ್ನು ಪಕ್ಕದ ಕೋಣೆಗೆ ಕರೆದು, ಕೂರಿಸಿ, ಗ್ರೀನ್ ಕಾರ್ಡ್ ಇಟ್ಟುಕೊಂಡು ಹೀಗೆ ಹೊರಗೇ ಇದ್ದರೆ ಮುಂದಿನ ಸಲ ಒಳಗೆ ಬಿಡುವುದು ಕಷ್ಟ ಎಂದು ಹೇಳಿ ಕಳಿಸಿದರು. ಆ ಕೋಣೆಯಲ್ಲಿ ನೀರು ಕೇಳಲೂ ಹೆದರಿದೆ ಎಂದು ನನಗೆ ಹೇಳಿದ್ದಳು.

ಮಕ್ಕಳು ಮೊಮ್ಮಕ್ಕಳು ಎಲ್ಲ ಇಲ್ಲೇ ಇರುವಾಗ ಈ ಬಾಗಿಲು ಮುಚ್ಚುವ ಹಾಗಿರಲಿಲ್ಲ. ಆ ಕಡೆಯ ಬಾಗಿಲಲ್ಲಿ ಅಕ್ಕ. ಲಾಯರು ಹೇಳಿದ್ದು ಇಷ್ಟು: ಮೊದಲು ಸಿಟಿಜನ್ ಆಗಿ, ಆಮೇಲೆ ಎಷ್ಟು ದಿನ ಬೇಕಾದರೂ ಹೋಗಿ ಇರಿ, ಯಾರೂ ಕೇಳುವುದಿಲ್ಲ.

ಅಕ್ಕನೂ ಫೋನಿನಲ್ಲಿ ಅದನ್ನೇ ಅನ್ನುತ್ತಿದ್ದಳಂತೆ. "ನೀ ಪರೀಕ್ಷಾ ಮುಗಿಸ್ಕೊಂಡ ಬಾ. ನಾ ಎಲ್ಲಿ ಹೊಂಟೇನಿ? ಇರ್ತೀನಿ."

ಇಂಟರ್ವ್ಯೂಗೆ ಮುಂಚೆ ಒಂದು ಸಲ ಅವಳನ್ನು ನನ್ನ ಜೊತೆ ಲಿಯಾಂಡರಿಗೆ ಕರೆದುಕೊಂಡು ಹೋದೆ. ಆಸ್ಟಿನ್ನಿನ ಆಚೆ ಅಲ್ಲಿ ನನ್ನ ಮಗಳ ಮನೆ. ಹೈವೇ ಉದ್ದಕ್ಕೂ ನಾನು ಡ್ರೈವ್ ಮಾಡುತ್ತ ನೆನಪಿದ್ದ ಪ್ರಶ್ನೆಗಳನ್ನೆಲ್ಲ ಕೇಳುತ್ತ ಹೋದೆ. ಒಂದೂ ತಪ್ಪಲಿಲ್ಲ. ಆದರೆ ಪ್ರತಿ ಉತ್ತರಕ್ಕೂ ಒಂದು ಬಾಲ ಇರುತ್ತಿತ್ತು. "ಇರಬೇಕು," "ಅನಸ್ತದ," "ಅಲ್ಲೇನ್ರಿ?"

ಮಗಳ ಮನೆಯಲ್ಲಿ ಕಾಫಿ ಕುಡಿಯುತ್ತ ಮತ್ತೆ ಅದೇ ನಡೆಯಿತು. ಮಗಳಿಗೆ ಕೇಳಿ ಕೇಳಿ ತಡೆಯಲಾಗಲಿಲ್ಲ. ಅವಳ ಕನ್ನಡ ಅರ್ಧ ದಾರಿಗೆ ಇಂಗ್ಲಿಷಾಗುತ್ತದೆ.

"ಆಂಟಿ, ಜಸ್ಟ್ ಸೇ ಇಟ್! ಗೊತ್ತಿಲ್ದಿದ್ರೂ ಗೆಸ್ ಮಾಡಿ. ರಾಂಗ್ ಆದ್ರೆ ಮೈನಸ್ ಮಾರ್ಕ್ಸ್ ಇಲ್ಲ."

"ಮೈನಸ್ ಇಲ್ಲಂತ ಸುಳ್ಳ ಹೇಳಬಹುದೇನವ್ವಾ?"

"ಗೆಸ್ ಅಂದ್ರೆ ಸುಳ್ಳಲ್ಲ ಆಂಟಿ!"

"ಮತ್ತೇನು, ಖರೇನಾ?"

ಮಗಳು ನನ್ನ ಮುಖ ನೋಡಿದಳು. ನನಗೆ ನಗು ಬಂತು. ಲಾಯರುಗಳ ಬಾಯಿ ಕಟ್ಟಿಸುವ ಮಾತು ಅದು ಎಂದುಕೊಂಡು ಅಲ್ಲಿಗೇ ಬಿಟ್ಟೆವು.

ಇಂಟರ್ವ್ಯೂ ದಿನ ಮಧ್ಯಾಹ್ನ ಇಬ್ಬರೂ ನೇರ ನಮ್ಮ ಮನೆಗೆ ಬರುವುದೆಂದು ಮಾತಾಗಿತ್ತು. ನಾನು ಕೇಸರಿಬಾತು ಮಾಡಿಟ್ಟಿದ್ದೆ. ಗಂಡ ಎರಡೂ ಕೈ ಮೇಲೆತ್ತಿ, "ಪಾಸ್ ಆದೆ ನೋಡ್ರಿ!" ಎನ್ನುತ್ತ ಒಳಗೆ ಬಂದರು. ಅವಳು ಅವರ ಹಿಂದೆ ಬಂದು, ಚಪ್ಪಲಿ ಬಿಟ್ಟು, ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಕೈ ತೊಳೆಯುತ್ತ ನಿಂತಳು. ತೊಳೆಯುತ್ತಲೇ ಇದ್ದಳು. ನಾನೇ ಹೋಗಿ ನಲ್ಲಿ ನಿಲ್ಲಿಸಿದೆ.

"ಆಗಲಿಲ್ರಿ," ಎಂದಳು.

ಕೂರಿಸಿ ಕೇಳಿದೆ. ಆಫೀಸರ್ ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿಯಂತೆ, ನಗುಮುಖದವಳು. ಒಳಗೆ ಹೋದ ಕೂಡಲೇ ನಿಲ್ಲಿಸಿ, ಬಲಗೈ ಎತ್ತಿಸಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದಳಂತೆ.

"ಕಾನ್‌ಸ್ಟಿಟ್ಯೂಷನ್ನಿಗೆ ಎಷ್ಟು ತಿದ್ದುಪಡಿ ಅಂತ ಕೇಳಿದ್ಲು. ಇಪ್ಪತ್ತೇಳು ಅಂತ ತಲ್ಯಾಗ ಬಂತ್ರಿ. ಆದ್ರ ಇಪ್ಪತ್ತಾರೋ ಇಪ್ಪತ್ತೇಳೋ ಅಂತ ಸಣ್ಣ ಅನುಮಾನ. ಆಣಿ ಮಾಡೇನಲ್ಲ, ಅನುಮಾನ ಇಟ್ಕೊಂಡು ಹೆಂಗ ಹೇಳ್ಲಿ? ಐ ಡೋಂಟ್ ನೋ ಅಂದೆ."

"ಅಯ್ಯೋ, ಅದು ಸರಿ ಇತ್ತಲ್ಲೇ!"

"ಆಮ್ಯಾಲ ನಮ್ಮ ಕಾಂಗ್ರೆಸ್ ಪ್ರತಿನಿಧಿ ಯಾರು ಅಂದ್ಲು. ಟೆಕ್ಸಸ್ಸಿನ ಕ್ಷೇತ್ರದ ಗಡಿ ಎಲ್ಲಾ ಬದಲಾಗತಾವ ಅಂತ ಓದಿದ್ದೆ. ನಮ್ಮ ಮನಿ ಈಗ ಯಾರ ಪಾಲಿಗೆ ಬಂದೈತೋ! ಹಳೇ ಹೆಸರು ಹೇಳೂದೋ ಬಿಡೂದೋ? ಡೋಂಟ್ ನೋ ಅಂದೆ. ಹಂಗ ಒಂದೊಂದ ಹೋದೂವು. ಬೇಕಾದ್ರ ಗೆಸ್ ಮಾಡ್ರಿ ಅಂತ ಆಕಿನ ಅಂದ್ಲು, ಪಾಪ. ಆಣಿ ಮಾಡಿಸಿದಾಕೀನ ಗೆಸ್ ಮಾಡು ಅಂದ್ರ ಹೆಂಗ್ರಿ?"

"ಅಲ್ಲಿಯೂ ಪಕ್ಕಕ್ಕೆ ತಿರುಗಿ ನೋಡಿದೆಯಾ?"

"ನೋಡಿದೆ. ಗ್ವಾಡಿ ಇತ್ತು."

ಅಷ್ಟರಲ್ಲಿ ಕೇಸರಿಬಾತಿನ ತಟ್ಟೆ ಹಿಡಿದು ಗಂಡ ಅಡಿಗೆಮನೆಗೆ ಬಂದರು. "ನಂಗೂ ಅದನ್ನ ಕೇಳಿದ್ರು ನೋಡ್ರಿ, ಪ್ರತಿನಿಧಿ ಯಾರು ಅಂತ. ಟೀವಿ ಜಾಹೀರಾತಿನ್ಯಾಗ ಬರತಾನಲ್ಲ ಒಬ್ಬಾಂವ, ಅವನ ಹೆಸರು ಒಗದೆ. ಹತ್ತಿಬಿಡ್ತು! ಈಕಿಗೆ ಹೇಳಿದ್ದೆ, ಏನರ ಒಂದ ಹೇಳು, ಬಾಯಿ ಮುಚ್ಕೊಂಡ ಕೂಡಬ್ಯಾಡ ಅಂತ."

"ನೀವು ನಾಕು ತಪ್ಪು ಹೇಳಿ ಬಂದೀರಿ," ಎಂದಳು ಅವಳು.

"ಹೇಳಿದ್ರ ಏನಾತು? ಪಾಸ್ ಆದ್ನೋ ಇಲ್ಲೋ?"

ಅವರು ಕೆಟ್ಟವರಲ್ಲ. ಆ ಸಂಜೆಯೇ ಲಾಯರಿಗೆ ಫೋನ್ ಮಾಡಿ, ಎರಡನೇ ಅವಕಾಶ ಇದೆ, ಎರಡು ಮೂರು ತಿಂಗಳೊಳಗೆ ಮತ್ತೆ ಕರೆಯುತ್ತಾರೆ ಎಂದು ತಿಳಿದುಕೊಂಡು ಬಂದು ಹೆಂಡತಿಗೆ ಹೇಳಿದವರು ಅವರೇ.

ನಾನು ಆ ಆಣೆಯ ಮಾತನ್ನೇ ಬಹಳ ದಿನ ಯೋಚಿಸಿದೆ. ಮೈಸೂರಿನಲ್ಲಿ ನನಗೆ ಮಾತು ಕಲಿಸಿದವರು ನನ್ನ ಅಜ್ಜಿ ಮತ್ತು ಅವರ ಇಬ್ಬರು ತಂಗಿಯರು. ಆ ಮನೆಯಲ್ಲಿ ಗಂಡುಹುಡುಗರು ಕ್ರಿಕೆಟ್ ಆಡುವಾಗ ಓವರಿಗೊಂದು ಸಲ "ದೇವರಾಣೆ ಔಟಿಲ್ಲ" ಎಂದು ಕಿರುಚುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ನಾನು ಒಂದು ಸಲ "ದೇವರಾಣೆ ನಾನು ಹಾಲು ಕುಡಿದಿಲ್ಲ" ಎಂದಾಗ ಅಜ್ಜಿ ಕೆಲಸ ಬಿಟ್ಟು ಬಂದು, ನನ್ನ ಗಲ್ಲ ಹಿಡಿದು, "ಹೆಣ್ಣುಮಕ್ಕಳ ಬಾಯಲ್ಲಿ ಆಣೆ ಬರಬಾರದು, ಬಂದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು" ಎಂದಿದ್ದರು. ಅಂಥದ್ದೇ ಮನೆ ಹುಬ್ಬಳ್ಳಿಯಲ್ಲೂ ಇತ್ತು. ಅದನ್ನು ಅವಳಿಗೆ ಹೇಳಿಕೊಟ್ಟವಳು ಆ ಅಕ್ಕನೇ.

ಮತ್ತೆ ತಾರೀಖು ಬಂತು. ಆ ನಡುವೆ ಹುಬ್ಬಳ್ಳಿಯಿಂದ ಸುದ್ದಿ ಚೆನ್ನಾಗಿರಲಿಲ್ಲ. ಅಕ್ಕನ ಕಾಲು ಊದಿಕೊಂಡಿತ್ತು, ಮಾತು ಕಡಿಮೆಯಾಗಿತ್ತು.

"ಈಗಲೇ ಹೋಗಿ ಒಂದು ಸಲ ನೋಡಿಕೊಂಡು ಬಂದುಬಿಡು," ಎಂದೆ.

"ಹೋದ್ರ ಬರಾಕ ಮನಸಾಗಂಗಿಲ್ರಿ. ತಾರೀಖು ತಪ್ಪಿದ್ರ ಮತ್ತ ಮೊದಲಿಂದ. ಇದನ್ನ ಮುಗಿಸಿದ್ರ ಅಕೀ ಹತ್ರನ ಇದ್ದುಬಿಡಬಹುದು. ಇನ್ನೇನು, ಸ್ವಲ್ಪ ದಿನ."

ಹಾಗಾಗಿ ಉಳಿದಳು. ಬೆಳಿಗ್ಗೆ ನಾವಿಬ್ಬರೂ ನಮ್ಮ ಬಡಾವಣೆಯ ಕೆರೆಯ ಸುತ್ತ ನಡೆಯಲು ಹೋಗುತ್ತಿದ್ದೆವು. ಕೆರೆ ಎಂದರೆ ಮಳೆನೀರು ನಿಲ್ಲಿಸಲು ತೋಡಿದ ಹೊಂಡ, ನಾಲ್ಕು ಬಾತುಕೋಳಿ. ನಾನು ಕೇಳುವುದು, ಅವಳು ಹೇಳುವುದು. ಶರತ್ತು ಒಂದೇ: ಉತ್ತರಕ್ಕೆ ಬಾಲ ಇರಬಾರದು, ನನ್ನ ಮುಖ ನೋಡಬಾರದು. ಮೊದಮೊದಲು ಪ್ರತಿ ಉತ್ತರದ ಕೊನೆಗೆ ತುಟಿ ಕಚ್ಚಿಕೊಳ್ಳುತ್ತಿದ್ದಳು. ದಿನ ಕಳೆದಂತೆ ದನಿ ಗಟ್ಟಿಯಾಯಿತು. ಮುಂದಿನ ದಾರಿ ನೋಡಿ ನಡೆಯುತ್ತಲೇ "ಇಪ್ಪತ್ತೇಳು", "ಆರು ವರ್ಷ", "ಸ್ಪೀಕರ್" ಎಂದು ಕಲ್ಲು ಇಟ್ಟ ಹಾಗೆ ಹೇಳತೊಡಗಿದಳು. ಒಂದು ದಿನ ನಾನೇ ತಪ್ಪು ಕೇಳಿದ್ದನ್ನು ತಿದ್ದಿದಳು.

"ಈಗ ಯಾವ ಆಫೀಸರ್ ಬಂದ್ರೂ ನಡೆಯುತ್ತೆ ಬಿಡು," ಎಂದೆ.

"ಅಕ್ಕಗ ಹೇಳ್ತೀನ್ರಿ. ನಗತಾಳ."

ಆ ವಾರವೇ ಒಂದು ಬೆಳಿಗ್ಗೆ, ನಾವು ಹೊಂಡದ ಇನ್ನೊಂದು ಬದಿಯಲ್ಲಿದ್ದಾಗ, ಅವಳ ಫೋನ್ ಹೊಡೆದುಕೊಂಡಿತು. ಅಕ್ಕನ ಪಕ್ಕದ ಮನೆಯವರು. ಅವಳು ನಿಂತುಕೊಂಡೇ ಕೇಳಿದಳು. "ಹೂಂ" ಎಂದಳು. "ಯಾವಾಗ?" ಎಂದಳು. ಮತ್ತೆ "ಹೂಂ" ಎಂದಳು. ಡಯಾಲಿಸಿಸ್ಸಿಗೆ ಹಾಕಿದ್ದ ನಳಿಕೆಯಿಂದ ನಂಜೇರಿ, ಆಸ್ಪತ್ರೆಗೆ ಸೇರಿಸಿ, ಅವರು ಫೋನ್ ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಫೋನನ್ನು ಜೇಬಿಗೆ ಹಾಕಿಕೊಂಡು ಅವಳು ನಡೆಯಲು ಶುರು ಮಾಡಿದಳು. ನಾನು ಕೈ ಹಿಡಿದೆ.

"ಅಕ್ಕ ಹೋದ್ಲಂತ್ರಿ," ಎಂದಳು. ಆಮೇಲೆ, "ಮುಂದಿಂದು ಕೇಳ್ರಿ," ಎಂದಳು.

"ಏನು ಕೇಳಲಿ?"

"ಪ್ರಶ್ನಿ. ಮುಂದಿನ ಪ್ರಶ್ನಿ ಕೇಳ್ರಿ."

ಅವಳನ್ನು ತಬ್ಬಿಕೊಂಡು ಅಲ್ಲೇ ನಿಂತೆ. ಓಡಲು ಬಂದ ಯಾರೋ ಒಬ್ಬರು ನಮ್ಮನ್ನು ಬಳಸಿಕೊಂಡು ಹೋದರು.

ಅಂದೇ ಸಂಜೆಯ ವಿಮಾನಕ್ಕೆ ಅವಳು ಹೋದಳು. ಬೆಂಕಿ ಇಟ್ಟಿದ್ದು ಸಿಗಲಿಲ್ಲ. ಆಮೇಲಿನ ದಿನಗಳ ಕರ್ಮ ಸಿಕ್ಕಿತು. ಅದಾದ ಮೇಲೂ ಅಕ್ಕನ ಮನೆಯಲ್ಲೇ ಉಳಿದಳು. ತಾರೀಖು ಹತ್ತಿರವಾದಾಗ ಗಂಡ ಫೋನ್ ಮಾಡಿದರು, ನಾನೂ ಮಾಡಿದೆ. ಮುಂದಕ್ಕೆ ಹಾಕಿ ಎಂದು ಒಂದು ಸಾಲು ಬರೆದರೂ ಸಾಕು, ಕಾರಣ ಹೇಳಿದರೆ ಒಪ್ಪುತ್ತಾರೆ, ಲಾಯರೇ ಬರೆದುಕೊಡುತ್ತಾರೆ ಎಂದೆ.

"ಇನ್ನ್ಯಾಕ್ರಿ ಅದು?" ಎಂದಳು. "ಎಲ್ಲಿಗೆ ಹೋಗಿ ಇರಾಕ?"

ತಾರೀಖು ಹೋಯಿತು. ಅರ್ಜಿ ಬಿದ್ದುಹೋಯಿತು. ಗ್ರೀನ್ ಕಾರ್ಡಿಗೆ ಕುಂದು ಬರುವ ಮೊದಲೇ ಅವಳು ವಾಪಸು ಬಂದಳು. ಈ ಸಲ ಏರ್‌ಪೋರ್ಟಿನಲ್ಲಿ ಯಾರೂ ಪಕ್ಕದ ಕೋಣೆಗೆ ಕರೆಯಲಿಲ್ಲವಂತೆ.

ಶನಿವಾರಗಳು ಮತ್ತೆ ಶುರುವಾದವು. ಅವಳ ಗಂಡ ಪ್ರಮಾಣವಚನ ತೆಗೆದುಕೊಂಡು ಬಂದಿದ್ದರು. ಅವರ ಮಾತಿನಲ್ಲಿ ಈಗ "ನಾವು ಅಮೆರಿಕನ್ನರು" ಎಂಬುದು ಸೇರಿಕೊಂಡಿತ್ತು. ನನ್ನ ಯಜಮಾನರು ಅವರನ್ನು ಅದಕ್ಕೇ ಕಾಲೆಳೆಯುತ್ತಿದ್ದರು. ಅವಳು ನನ್ನ ಕಟ್ಟೆ ಒರೆಸುತ್ತಿದ್ದಳು. ಶಾಲೆಯ ವಿಷಯ ಏನಾಯಿತು ಎಂದು ಡಾಕ್ಟರ ಹೆಂಡತಿ ಒಂದು ಸಲ ಬಂದಿದ್ದಾಗ ಕೇಳಿದರು. "ಗೊತ್ತಿಲ್ರಿ," ಎಂದಳು. ಗೊತ್ತಿತ್ತು, ಹಿಂದಿನ ವಾರವೂ ಅವಳು ಆ ಮೀಟಿಂಗಿಗೆ ಹೋಗಿದ್ದಳು.

ನವೆಂಬರಿನ ಚುನಾವಣೆಗೆ ಮುಂಚೆ, ಮೊದಲೇ ವೋಟು ಹಾಕುವ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಲೈಬ್ರರಿಗೆ ಹೋದೆ. ವೋಟು ಹಾಕುವುದು ಅಲ್ಲೇ, ದೊಡ್ಡ ಹುದ್ದೆಗಳಿಂದ ಹಿಡಿದು ಸ್ಕೂಲ್ ಬೋರ್ಡಿನವರೆಗೆ ಎಲ್ಲಕ್ಕೂ ಒಂದೇ ಸಲ, ಸ್ಕ್ರೀನ್ ಮೇಲೆ ಒತ್ತಿ. ಪಾರ್ಕಿಂಗಿನ ಕೊನೆಯ ಸಾಲಿನಲ್ಲಿ ಅವರ ಕಾರು ನಿಂತಿತ್ತು. ಸ್ಟಿಯರಿಂಗಿನ ಹಿಂದೆ ಅವಳು ಕೂತಿದ್ದಳು. ಗಂಡನ ಕಣ್ಣಿಗೆ ಆಪರೇಷನ್ ಆಗಿ ಸ್ವಲ್ಪ ದಿನ ಡ್ರೈವ್ ಮಾಡುವ ಹಾಗಿರಲಿಲ್ಲ, ಇವಳೇ ಕರೆತಂದಿದ್ದಳು. ನನ್ನನ್ನು ನೋಡಿ ಗಾಜು ಇಳಿಸಿದಳು.

"ಒಳಗ ಹೋಗ್ಯಾರ್ರಿ. ಭಾಳ ಹೊತ್ತಾತು."

"ನೀನೂ ಬಾ, ಒಳಗೆ ತಂಪಾಗಿದೆ, ಪುಸ್ತಕದ ಕಡೆ ಕೂತಿರು."

"ಬ್ಯಾಡ್ರಿ. ಇಲ್ಲೇ ಆರಾಮ ಐತಿ." ಆಮೇಲೆ, ನಾನು ಹೊರಟ ಮೇಲೆ, ಹಿಂದಿನಿಂದ ಕರೆದಳು. "ಸ್ಕೂಲಿಂದು ಕಡೇ ಸ್ಕ್ರೀನ್ ಮ್ಯಾಲ ಬರತೈತಂತ್ರಿ. ಮ್ಯಾಲಿಂದಷ್ಟ ಒತ್ತಿ ಬಂದಬಿಡಬ್ಯಾಡ್ರಿ. ಪೂರಾ ಕೆಳಗ ಹೋಗ್ರಿ."

ಅಷ್ಟರಲ್ಲಿ ಅವಳ ಗಂಡ ಬಂದರು. ಕಪ್ಪು ಕನ್ನಡಕ, ಶರ್ಟಿನ ಮೇಲೆ ವೋಟು ಹಾಕಿದ್ದಕ್ಕೆ ಕೊಡುವ ಸ್ಟಿಕರ್.

"ಅಬಬಾ, ಎಷ್ಟ ಉದ್ದ ಐತ್ರಿ ಅದು! ಮ್ಯಾಲಿನ ನಾಕು ಮಂದಿ ಗೊತ್ತು. ಆಮ್ಯಾಲ ಜಡ್ಜಂತ, ಸಾಲದ ಬಾಂಡಂತ, ಸ್ಕೂಲ್ ಬೋರ್ಡಂತ. ಒಬ್ಬಾಂವನ ಹೆಸರೂ ಕೇಳಿಲ್ಲ."

"ಮತ್ತೆ ಏನು ಮಾಡಿದ್ರಿ?" ಎಂದೆ.

"ಏನ್ ಮಾಡೂದು? ಅಂದಾಜಿಗೆ ಒತ್ಕೊಂತ ಬಂದೆ."

ಅವಳು ಗಾಜು ಏರಿಸಿದಳು. ಅವರು ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಅವಳು ಎರಡೂ ಕಡೆ ನೋಡಿ, ಕಾರನ್ನು ಹಿಂದಕ್ಕೆ ತೆಗೆದು, ಮನೆಯ ದಾರಿ ಹಿಡಿದಳು. ನಾನು ಒಳಗೆ ಹೋಗಿ ಸಾಲಿನಲ್ಲಿ ನಿಂತೆ.